ಅವ್ವನ 48 ಪುಟ

ಕೊಪ್ಪಳದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಬಿಲ್ ಬುಕ್, ಅರ್ಜಿ, ಪಹಣಿ ಪ್ರಿಂಟು, ಇವೇ ದಿನದ ಕೆಲಸ. ಇದರ ನಡುವೆ ವಾರಕ್ಕೆ ಒಂದೆರಡಾದರೂ ಶಿವಗಣಾರಾಧನೆಯ, ಅಂದರೆ ತೀರಿಕೊಂಡವರ ಕಾರ್ಯದ ಪತ್ರಿಕೆ ಬರುತ್ತವೆ. ಇಪ್ಪತ್ತೈದು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. "ಮಮತಾಮಯಿ, ತ್ಯಾಗಮಯಿ ಮಾತೃಶ್ರೀ" ಅಂತ ಶುರುವಾಗುವ ನಾಲ್ಕು ಸಾಲು ಕಂಪ್ಯೂಟರಿನಲ್ಲಿ ಸದಾ ರೆಡಿ ಇರುತ್ತವೆ. ಹೆಸರು, ಫೋಟೊ, ದಿನಾಂಕ ಬದಲಿಸಿದರೆ ಮುಗಿಯಿತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಸಾವಾದಾಗ ಕೂತು ಬರೆಯುವ ಮನಸ್ಸು ಯಾರಿಗಿರುತ್ತದೆ?

2018ರ ದೀಪಾವಳಿ ಮುಂದೆ ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ವಯಸ್ಸು ಕೇಳಿದರು. ಆಧಾರ್ ಕಾರ್ಡಿನಲ್ಲಿ 1-1-1945 ಅಂತ ಇತ್ತು, ಅದನ್ನೇ ಬರೆದೆ. ಉದ್ಯೋಗ ಅನ್ನುವ ಕಡೆ ಗೃಹಿಣಿ ಅಂತ ಬರೆದೆ. ಪೆನ್ನು ವಾಪಸ್ ಕೊಟ್ಟ ಮೇಲೆ ಬೆಂಚಿನ ಮೇಲೆ ಕೂತಾಗ ಹೊಟ್ಟೆಯಲ್ಲಿ ಒಂಥರಾ ಸಂಕಟ ಶುರುವಾಯಿತು. ನಾಳೆ ಅವ್ವ ಹೋಗಿಬಿಟ್ಟರೆ ನನ್ನ ಹತ್ತಿರ ಇರುವುದು ಇಷ್ಟೇ ಅಲ್ವಾ? ಒಂದು ಸುಳ್ಳು ತಾರೀಖು, ಒಂದು ಪದ, ಮತ್ತು ಕಂಪ್ಯೂಟರಿನಲ್ಲಿ ರೆಡಿ ಇರುವ ಆ ನಾಲ್ಕು ಸಾಲು.

ಅವ್ವ ಚೇತರಿಸಿಕೊಂಡಳು. ಕೋಲು ಹಿಡಿದು ಓಡಾಡುವಷ್ಟಾದಳು. ಅಲ್ಲಿಂದ ನಾಲ್ಕು ವರ್ಷ ನಾನು ಅವಳ ಮಾತನ್ನು ಮೊಬೈಲಿನಲ್ಲಿ ಹಿಡಿದೆ, ಆಮೇಲೆ ಅದನ್ನು ಬರೆದು 48 ಪುಟದ ಪುಸ್ತಕ ಮಾಡಿದೆ. 2023ರ ಫೆಬ್ರವರಿಯಲ್ಲಿ ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಅವ್ವ ತೀರಿಕೊಂಡಳು. ವರ್ಷದ ಪುಣ್ಯಸ್ಮರಣೆಗೆ ಬಂದವರ ಕೈಗೆ ಆ ಪುಸ್ತಕ ಕೊಟ್ಟೆವು. ಅಂದಿನಿಂದ ಅಂಗಡಿಗೆ ಬಂದವರು "ನಮ್ಮವ್ವಂದೂ ಹಿಂಗ ಮಾಡಬೇಕ್ರೀ, ಹೆಂಗ್ ಮಾಡಿದ್ರಿ?" ಅಂತ ಕೇಳುತ್ತಲೇ ಇದ್ದಾರೆ. ಅವರಿಗೆ ಚಹಾ ತರಿಸಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ದಿನ ನಾನು ಮಾಡಿದ್ದೇ ತಪ್ಪು. ಕುರ್ಚಿ ಹಾಕಿ ಕೂರಿಸಿ, ಎದುರಿಗೆ ಮೊಬೈಲ್ ಇಟ್ಟು, "ಅವ್ವಾ, ನಿನ್ನ ಜೀವನದ ಕತಿ ಹೇಳು" ಅಂದೆ. ಅವ್ವ ಸೆರಗು ಸರಿ ಮಾಡಿಕೊಂಡು ಮೊಬೈಲನ್ನೇ ನೋಡುತ್ತ ಕೂತಳು. ಆಮೇಲೆ ಅಂದಳು, "ನಂದೇನೈತಿ ಯಪ್ಪಾ ಹೇಳೂದು. ರೊಟ್ಟಿ ಬಡದೆ, ಮಕ್ಕಳನ್ನ ಹಡದೆ. ನಿಮ್ಮಪ್ಪ ಇದ್ದಿದ್ರ ಹೇಳ್ತಿದ್ದ." ಅಷ್ಟೇ. ಆ ಫೈಲು ಒಂದು ನಿಮಿಷ ನಲವತ್ತು ಸೆಕೆಂಡಿನದು.

ಅದಾದ ಮೇಲೆ ಎರಡು ತಿಂಗಳು ನಾನು ಆ ಮಾತೇ ಎತ್ತಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಸುಮ್ನೆ ಪಕ್ಕದಲ್ಲಿ ಕೂತು, "ಮೊದಲೆಲ್ಲಾ ಜೋಳ ಹಗೇವಿನಾಗ ಹಾಕ್ತಿದ್ರಲ್ಲ, ಅದನ್ನ ಯಾರು ತೆಗೀತಿದ್ರು?" ಅಂತ ಕೇಳಿದೆ. ಶುರುವಾಯಿತು ನೋಡಿ. ಹಗೇವು ಅಂದರೆ ನೆಲದಡಿ ಕಾಳು ತುಂಬಿಡುವ ಗುಂಡಿ. ಅದರ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ, ಮೊದಲು ದೀಪ ಇಳಿಬಿಟ್ಟು ನೋಡಬೇಕು, ಆರಿದರೆ ಯಾರೂ ಇಳಿಯಬಾರದು. ಅತ್ತೆ ಹೇಗೆ ಅಳತೆ ಮಾಡಿ ಕೊಡುತ್ತಿದ್ದಳು. ಕೆಳಗಿನ ಮುಗ್ಗಲು ಜೋಳ ಯಾರ ಪಾಲಿಗೆ ಬರುತ್ತಿತ್ತು. ಅದು ಸೊಸೆಯರ ಪಾಲಿಗೆ ಬರುತ್ತಿತ್ತು. ಇಪ್ಪತ್ತು ನಿಮಿಷ ಅವ್ವ ತಲೆ ಎತ್ತದೆ ಮಾತಾಡಿದಳು. ಕೈಗೆ ಕೆಲಸ ಇದ್ದರೆ ಅವಳ ಬಾಯಿ ತಾನೇ ತೆರೆಯುತ್ತಿತ್ತು. ಮುಖ ನೋಡಿ ಕೇಳಿದರೆ ಮುಚ್ಚಿಕೊಳ್ಳುತ್ತಿತ್ತು.

ಹಾಗಾಗಿ ನಾನು ಯಾರಿಗೇ ಆಗಲಿ ಮೊದಲು ಹೇಳುವುದು, ಬದುಕಿನ ಬಗ್ಗೆ ಕೇಳಬೇಡಿ, ಸಾಮಾನಿನ ಬಗ್ಗೆ ಕೇಳಿ. ಒಂದು ತಾಮ್ರದ ಕೊಡ, ಒಂದು ಬೀಸುವ ಕಲ್ಲು, ಟ್ರಂಕಿನ ತಳದಲ್ಲಿರುವ ಒಂದು ಇಳಕಲ್ ಸೀರೆ. ಅದನ್ನು ಕೈಗೆ ಕೊಟ್ಟು ಸುಮ್ಮನಿರಿ. ಸುಮ್ಮನಿರುವುದೇ ಕಷ್ಟದ ಕೆಲಸ. ನನ್ನ ಮೊದಮೊದಲ ರೆಕಾರ್ಡಿಂಗುಗಳಲ್ಲಿ ಅವ್ವ ಒಂದು ಗಳಿಗೆ ಮಾತು ನಿಲ್ಲಿಸಿದರೆ ಸಾಕು, ನಾನೇ ಮುಂದಿನ ಪ್ರಶ್ನೆ ಕೇಳಿಬಿಟ್ಟಿದ್ದೇನೆ. ಈಗ ಕೇಳಿಸಿಕೊಂಡರೆ ಜೀವ ಹಿಂಡುತ್ತದೆ. ಅವಳು ಏನೋ ಹೇಳಲು ಉಸಿರು ತೆಗೆದುಕೊಂಡ ಸದ್ದು ಸ್ಪಷ್ಟವಾಗಿ ಇದೆ, ಅದರ ಮೇಲೆ ನನ್ನ ಧ್ವನಿ ಬಿದ್ದಿದೆ.

ಕೌದಿಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು.

ನಮ್ಮ ಕಡೆ ಮನೆಗೆ ನಾಲ್ಕಾದರೂ ಕೌದಿ ಇರುತ್ತವೆ. ಹಳೆ ಸೀರೆ, ಧೋತರ, ಅಂಗಿ, ಕುಬಸದ ಚೂರು ಎಲ್ಲ ಕೂಡಿಸಿ, ಒತ್ತಾಗಿ ಹೊಲಿಗೆ ಹಾಕಿದ ಹೊದಿಕೆ. ಅವ್ವನ ಕೈಯ ಕೌದಿ ಒಂದಿತ್ತು, ಹೊದ್ದು ಹೊದ್ದು ಮೆತ್ತಗಾದದ್ದು. 2020ರಲ್ಲಿ ಲಾಕ್‌ಡೌನ್ ಆಗಿ ಅಂಗಡಿ ಮುಚ್ಚಿದಾಗ ಒಂದು ದಿನ ಅದನ್ನು ಬಿಸಿಲಿಗೆ ಹಾಕಿದ್ದೆವು. ಸಂಜೆ ಒಳಗೆ ತಂದು ಹಾಸಿ, ಒಂದು ಹಸಿರು ಚೂರಿನ ಮೇಲೆ ಬೆರಳಿಟ್ಟು "ಇದು ಯಾರ ಸೀರಿ?" ಅಂದೆ. ಅತ್ತೆಯದು ಅಂದಳು. ಈ ಕೆಂಪು? ದೊಡ್ಡಕ್ಕನ ಮದುವೆಗೆ ತಂದ ಸೀರೆ, ಟೋಪ್ ಸೆರಗು, ಇಳಕಲ್ಲಿಗೆ ನಿಮ್ಮಪ್ಪ ತಾನೇ ಹೋಗಿ ತಂದದ್ದು. ಈ ಬಿಳಿ ನಿಮ್ಮಪ್ಪನ ಧೋತರ. ಹೀಗೆ ಒಂದೊಂದೇ ಚೂರು ಕೇಳುತ್ತ ಮೂಲೆಗೆ ಬಂದೆ. ಮೂಲೆಯಲ್ಲಿ ಅಂಗೈ ಅಗಲದ ಖಣದ ಚೂರು ಒಂದಿತ್ತು. ನೇರಳೆ ಬಣ್ಣ, ಅಂಚಿನಲ್ಲಿ ಸಣ್ಣ ತೇರಿನ ನೇಯ್ಗೆ. ಉಳಿದ ಚೂರುಗಳಿಗೆ ಒಂದು ಸುತ್ತು ಹೊಲಿಗೆ ಇದ್ದರೆ ಇದಕ್ಕೆ ಮೂರು ಸುತ್ತು.

ಅವ್ವ ಅದರ ಮೇಲೆ ಕೈ ಆಡಿಸಿ, "ಇದು ಕುಂಚಿಗಿ" ಅಂದಳು. ಕೂಸಿನ ತಲೆಗೆ ಕಟ್ಟುವ ಕುಂಚಿಗೆ.

ಯಾರದು ಅಂತ ಕೇಳಲಿಲ್ಲ. ಅಷ್ಟೊತ್ತಿಗೆ ಸುಮ್ಮನಿರುವುದನ್ನು ಕಲಿತಿದ್ದೆ. ಫೈಲಿನಲ್ಲಿ ಅಲ್ಲಿ ಐವತ್ತು ಸೆಕೆಂಡು ಏನೂ ಇಲ್ಲ, ಹೊರಗೆ ಯಾರೋ ನೀರು ಹಿಡಿಯುವ ಸದ್ದು ಮಾತ್ರ. ಆಮೇಲೆ ಅವ್ವ ಹೇಳಿದಳು. ನನಗಿಂತ ಮುಂಚೆ ಒಂದು ಹೆಣ್ಣು ಕೂಸು ಇತ್ತು. ಮೂರು ವರ್ಷದ್ದಾಗಿದ್ದಾಗ ದಡಾರ ಬಂದು ಹೋಯಿತು. ದಡಾರದ ಲಸಿಕೆ ಸರ್ಕಾರದ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ, ಆಗ ಅಂಥದ್ದೆಲ್ಲಿ ಬರಬೇಕು. ಜ್ವರ ಇಳಿಯಿತು ಅಂತ ತಿಳಿದು ಅವ್ವ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದಳಂತೆ. ಬರುವಷ್ಟರಲ್ಲಿ ಆಗಿಹೋಗಿತ್ತು. "ಅವತ್ತ ನಾ ಹೊಲಕ್ಕ ಹೋಗಬಾರದಿತ್ತು" ಅಂದಳು. ಎಷ್ಟೋ ವರ್ಷದ ಹಿಂದಿನ ಮಾತದು, ನಿನ್ನೆ ಆದ ಹಾಗೆ ಹೇಳಿದಳು.

ನನಗೆ ಆಗ 48 ವರ್ಷ. ನಾವು ಐದು ಮಕ್ಕಳು ಅಂತಲೇ ತಿಳಿದು ಬೆಳೆದವನು. ದೊಡ್ಡಣ್ಣನಿಗೆ ಫೋನ್ ಮಾಡಿ ಕೇಳಿದರೆ, "ಹೂಂ, ಇತ್ತು. ಅವ್ವನ ಮುಂದ ಅದರ ಹೆಸರು ತಗೀಬಾರದು ಅಂತ ಅಪ್ಪ ಹೇಳಿದ್ದ" ಅಂದ. ಅಪ್ಪ ಅವ್ವನಿಗೆ ನೋವಾಗಬಾರದು ಅಂತ ಹಾಗೆ ಹೇಳಿದ್ದಾನೆ. ಅವ್ವ ಅಷ್ಟೂ ವರ್ಷ ಆ ಹೆಸರನ್ನು ಯಾರ ಹತ್ತಿರವೂ ಹೇಳಲಾಗದೆ ಕೌದಿಯ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಪುಸ್ತಕದಲ್ಲಿ ಮಕ್ಕಳ ಹೆಸರಿನ ಪುಟದಲ್ಲಿ ಈಗ ಆರು ಹೆಸರು ಇವೆ. ಅದು ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅಕ್ಕ ಮಾತ್ರ ಆ ಪುಟ ನೋಡಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವಳೇ ಬಂದು, ಆ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ತನಗೆ ನೆನಪಿದೆ ಅಂದಳು.

ಇನ್ನು ತಾರೀಖಿನ ಕೆಲಸ. ನಮ್ಮ ತಾಯಂದಿರ ಕಾಲದವರದ್ದು ಬರೆಯಲು ಹೊರಟರೆ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇಸವಿ ಕೇಳಿದರೆ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದರೆ ನೆನಪಿಲ್ಲ ಅಂತ ಅಲ್ಲ, ಅವರ ಲೆಕ್ಕವೇ ಬೇರೆ.

ಅವ್ವ ಹೇಳುತ್ತಿದ್ದ ಮೊದಲ ನೆನಪು ರಜಾಕಾರರ, ಅಂದರೆ ನಿಜಾಮನ ಪರ ಇದ್ದ ಖಾಸಗಿ ಪಡೆಯವರ ಗದ್ದಲದ್ದು. ಅವಳ ತವರು ತುಂಗಭದ್ರಾ ದಂಡೆಯ ಊರು. ಈ ದಂಡೆ ನಿಜಾಮನ ರಾಜ್ಯ, ಆ ದಂಡೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಗದ್ದಲ ಜಾಸ್ತಿಯಾದಾಗ ಹೆಂಗಸರು ಮಕ್ಕಳನ್ನು ರಾತ್ರಿ ಹರಗೋಲಿನಲ್ಲಿ ಆಚೆ ದಂಡೆಗೆ ದಾಟಿಸಿದರಂತೆ. ಅವ್ವನ ಕಂಕುಳಲ್ಲಿ ತಮ್ಮ, ಇನ್ನೂ ನಡೆಯಲು ಬಾರದ ಕೂಸು. ಅದು ಅತ್ತರೆ ಗೊತ್ತಾಗುತ್ತದೆ ಅಂತ ಬಾಯಿಗೆ ಬೆಲ್ಲದ ಚೂರು ಕೊಟ್ಟು ಮೇಲೆ ಸೆರಗು ಹೊದಿಸಿಕೊಂಡು ಕೂತಿದ್ದಳಂತೆ. ಭಾರತದ ಸೇನೆ ನಿಜಾಮನ ರಾಜ್ಯಕ್ಕೆ ಬಂದ ಪೊಲೀಸ್ ಆಕ್ಷನ್ ಆಗಿದ್ದು 1948ರ ಸೆಪ್ಟೆಂಬರ್ 13ರಿಂದ 17. ಅದಕ್ಕೂ ಕೆಲವು ತಿಂಗಳು ಮುಂಚಿನ ಮಾತು ಇದು. ಆಧಾರ್ ಪ್ರಕಾರ ಆಗ ಅವ್ವನಿಗೆ ಮೂರು ವರ್ಷ. ಮೂರು ವರ್ಷದ ಕೂಸು ಇನ್ನೊಂದು ಕೂಸನ್ನು ಎತ್ತಿಕೊಂಡು ಹೊಳೆ ದಾಟುವುದುಂಟೇ?

"ಆಗ ನೀ ಎಷ್ಟು ದೊಡ್ಡಾಕಿ?" ಅಂತ ಕೇಳಿದೆ. "ಮುಂದಿನ ಹಲ್ಲು ಬಿದ್ದು ಹೊಸಾವು ಬಂದಿದ್ದುವು" ಅಂದಳು. ಅಂದರೆ ಎಂಟು, ಒಂಬತ್ತು. ಇನ್ನೊಂದು ದಿನ ಬೇರೆ ಏನೋ ಮಾತಾಡುವಾಗ, ನಮ್ಮಜ್ಜಿ ಅವಳಿಗೆ ಸಿಟ್ಟು ಬಂದಾಗ "ಪ್ರಮಾಥಿ ಸಂವತ್ಸರದಾಕಿ, ಹಿಂಗ ಹಟಾ ಮಾಡ್ತಿ" ಅಂತ ಬಯ್ಯುತ್ತಿದ್ದುದನ್ನು ಹೇಳಿದಳು. ನಾನು ಪಂಚಾಂಗ ತೆಗೆದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಮಾಥಿ ಈಚೆಗೆ ಬಂದದ್ದು 1999ರ ಯುಗಾದಿಗೆ. ಅರವತ್ತು ಕಳೆದರೆ 1939. ಹಲ್ಲಿನ ಲೆಕ್ಕ, ಸಂವತ್ಸರದ ಲೆಕ್ಕ ಎರಡೂ ಒಂದೇ ಕಡೆ ಬಂದು ನಿಂತವು. ಮಹಾನವಮಿ ಮುಂದೆ ಹುಟ್ಟಿದವಳು ಅಂತ ಮೊದಲೇ ಗೊತ್ತಿತ್ತು. ಆ ದಿನ ರಾತ್ರಿ ಊಟಕ್ಕೆ ಕೂತಾಗ "ಅವ್ವಾ, ನಿನಗ ಎಂಬತ್ತು ತುಂಬೇತಿ" ಅಂದೆ. ಬಾಯಲ್ಲಿ ತುತ್ತು ಇಟ್ಟುಕೊಂಡೇ ನಕ್ಕಳು.

ಹೀಗೇ ಒಂದೊಂದು ಗೂಟ ಹುಡುಕಿಕೊಂಡೆ. ಮದುವೆ ಯಾವಾಗ ಅಂದರೆ ಗೊತ್ತಿಲ್ಲ, ಆದರೆ "ಡ್ಯಾಮಿಗೆ ನೀರು ನಿಲ್ಲಸೂಕಿಂತ ಮುಂದ, ಊರಾಗ ನಂದೇ ಕಡೀ ಮದುವಿ" ಅಂತ ಹೇಳುತ್ತಿದ್ದಳು. ತುಂಗಭದ್ರಾ ಡ್ಯಾಮಿಗೆ ನೀರು ನಿಂತದ್ದು 1953ರ ಮಳೆಗಾಲದಲ್ಲಿ, ಅವಳ ತವರೂರು ಅದರಲ್ಲೇ ಮುಳುಗಿತು. ಹಾಗಾದರೆ ಆ ಬೇಸಿಗೆಯ ಮದುವೆ, ಹುಡುಗಿಗೆ ಹದಿನಾಲ್ಕೂ ತುಂಬಿರಲಿಲ್ಲ. ದೊಡ್ಡಣ್ಣ ಹುಟ್ಟಿದಾಗ ಸೂಲಗಿತ್ತಿಗೆ ಕೊಟ್ಟ ದುಡ್ಡಿನಲ್ಲಿ ಹೊಸ ಪೈಸೆ ಇತ್ತಂತೆ, ಆಕೆ "ಇದೆಂಥಾ ರೊಕ್ಕ" ಅಂತ ತಿರುಗಿಸಿ ತಿರುಗಿಸಿ ನೋಡಿದಳಂತೆ. ಹೊಸ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ನಮ್ಮ ಕಡೆ ಮೊದಲು ಹಾಲಿ ಸಿಕ್ಕಾ ಅಂತ ನಿಜಾಮನ ರೂಪಾಯಿ ಬೇರೆ, ಕಲ್ದಾರ್ ಅಂತ ಬ್ರಿಟಿಷರ ರೂಪಾಯಿ ಬೇರೆ ಇದ್ದವು, ಹಾಗಾಗಿ ದುಡ್ಡಿನ ನೆನಪು ಹಳಬರಿಗೆ ಗಟ್ಟಿ. ನಾನು ಹುಟ್ಟಿದ್ದು 1972ರ ಬರದಲ್ಲಿ. ಕೆಂಪು ಜೋಳದ ರೊಟ್ಟಿ ತಿಂದು, ಹೊಟ್ಟೆಯಲ್ಲಿ ನನ್ನನ್ನು ಇಟ್ಟುಕೊಂಡು ಕೆರೆ ಕೆಲಸಕ್ಕೆ ಮಣ್ಣು ಹೊತ್ತದ್ದನ್ನು ಅವ್ವ ಎಷ್ಟೋ ಸಲ ಹೇಳಿದ್ದಳು. ನಮ್ಮ ಮನೆಯಲ್ಲಿ ಹಳೆ ಹೊಲದ ಕಾಗದ ಇದ್ದವು, ಅವುಗಳಲ್ಲಿ ಇಸವಿ ಬದಲು ಫಸಲಿ, ಅಂದರೆ ನಿಜಾಮನ ಕಾಲದ ಕಂದಾಯದ ವರ್ಷ, ಇತ್ತು. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಬರಹ ಉರ್ದುವಿನದು, ಮಸೀದಿ ಹತ್ತಿರದ ಒಬ್ಬ ಹಿರಿಯರು ಓದಿ ಹೇಳಿದರು.

ಜಿಲ್ಲೆಯ ಇತಿಹಾಸವನ್ನು ನಾನು ಪುಸ್ತಕದಲ್ಲಿ ಬೇರೆಯಾಗಿ ಬರೆಯಲಿಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು, 1997ರಲ್ಲಿ ಕೊಪ್ಪಳ ಜಿಲ್ಲೆ ಆದದ್ದು ಅವ್ವನ ಮಾತಿನಲ್ಲಿ ಒಮ್ಮೆಯೂ ಬರಲಿಲ್ಲ. ಅವಳ ಮಾತಿನಲ್ಲಿ ಬಾರದ್ದನ್ನು ನಾನು ಯಾಕೆ ತುರುಕಲಿ? 2009ರ ಮಳೆ ಬಂತು, ಯಾಕಂದರೆ ಆಗ ಅಡುಗೆಮನೆ ಗೋಡೆ ಬಿತ್ತು.

2019ರ ಮೇ ತಿಂಗಳಲ್ಲಿ ಡ್ಯಾಮಿನ ನೀರು ತುಂಬಾ ಇಳಿದಿತ್ತು. ಅವ್ವನ ಮುಳುಗಿದ ಊರಿನ ಗುಡಿಯ ಕಂಬ ಕಾಣುತ್ತಿದೆ ಅಂತ ಸೋದರಮಾವ ಫೋನ್ ಮಾಡಿದ. ಹೊಳೆ ದಾಟುವಾಗ ಅವ್ವನ ಕಂಕುಳಲ್ಲಿದ್ದ ಕೂಸು ಇದೇ ಮಾವ. ಜೀಪು ಮಾಡಿಕೊಂಡು ಅವ್ವನನ್ನು ಕರೆದುಕೊಂಡು ಹೋದೆ. ಕೊನೆಯ ಅರ್ಧ ಫರ್ಲಾಂಗು ಬಿರುಕು ಬಿಟ್ಟ ಮಣ್ಣು, ಒಂದೊಂದು ಬಿರುಕಿನಲ್ಲಿ ಕಾಲು ಸಿಗುವಷ್ಟು ಆಳ. ಕುರ್ಚಿ ಮೇಲೆ ಕೂರಿಸಿ ನಾನೂ ಮಾವನ ಮಗನೂ ಹೊತ್ತುಕೊಂಡು ಹೋದೆವು.

ಮನೆಗಳು ಒಂದೂ ಇರಲಿಲ್ಲ. ಆ ಡ್ಯಾಮಿಗೆ ಎಷ್ಟು ಹೂಳು ತುಂಬಿದೆ ಅಂದರೆ ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಹತ್ತಿರಕ್ಕೆ ಇಳಿದಿದೆ, ಅದರಡಿ ಮಣ್ಣಿನ ಗೋಡೆಗಳು ಎಲ್ಲಿ ಉಳಿಯಬೇಕು. ಗುಡಿಯ ಮುಂದಿನ ಕಲ್ಲಿನ ಕಂಬ ಮಾತ್ರ ಎದೆಮಟ್ಟ ನಿಂತಿತ್ತು. ಅವ್ವ ಕುರ್ಚಿಯಿಂದ ಇಳಿದಳು. ಚಪ್ಪಲಿ ಬಿಟ್ಟಳು. ಕಂಬಕ್ಕೆ ಹಣೆ ಮುಟ್ಟಿಸಿದಳು. ಆಮೇಲೆ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಕೋಲು ಎತ್ತಿ ತೋರಿಸಲು ಶುರು ಮಾಡಿದಳು. ಬಲಕ್ಕೆ ಮೊದಲನೆಯದು ಗೌಡರ ಮನೆ. ಅದರ ಮಗ್ಗುಲಿಗೆ ಬಡಿಗೇರರದು. ಅಲ್ಲಿ ತಿರುವು. ತಿರುವಿನಲ್ಲಿ ಕುಂಬಾರರ ಮುದುಕಿ, ಅವಳ ಹತ್ತಿರ ಉಪ್ಪು ಸಾಲ ತರಲು ಹೋಗುತ್ತಿದ್ದದ್ದು. ಎಡಕ್ಕೆ ಬಾವಿ, ಬಾವಿ ಆಚೆ ನಮ್ಮ ಮನೆ, ಹಿತ್ತಲಲ್ಲಿ ನುಗ್ಗೆ ಗಿಡ. ಹದಿನೇಳು ಮನೆ ಹೇಳಿದಳು, ಒಂದೊಂದು ಮನೆಯಲ್ಲೂ ಯಾರು ಅವಳ ವಾರಗೆಯವರು ಅಂತಲೂ. ಎದುರಿಗೆ ಬರೀ ಮಣ್ಣು, ದೂರದಲ್ಲಿ ಎಮ್ಮೆಗಳು. ಮಾವ ನನ್ನ ಪಕ್ಕ ನಿಂತು ಅವಳ ಕೋಲಿನ ತುದಿ ಹೋದ ಕಡೆಯೆಲ್ಲ ನೋಡುತ್ತಿದ್ದ. ಅವನು ಆ ಊರು ಬಿಟ್ಟಾಗ ಆರು ವರ್ಷದವನು.

ಆ ರೆಕಾರ್ಡಿಂಗ್ 11 ನಿಮಿಷದ್ದು, ಗಾಳಿಯ ಸದ್ದು ಜಾಸ್ತಿ. ಮೊಬೈಲಿನ ಮೈಕಿನ ಹತ್ತಿರ ಒಂದು ಕರವಸ್ತ್ರ ಹಿಡಿದಿದ್ದರೂ ಎಷ್ಟೋ ಚೆನ್ನಾಗಿ ಬರುತ್ತಿತ್ತು, ಆಗ ಹೊಳೆಯಲಿಲ್ಲ. ಮನೆಗೆ ಬಂದು ಅದನ್ನು ಕೇಳುತ್ತ ಹಾಳೆಯ ಮೇಲೆ ಓಣಿಯ ನಕ್ಷೆ ಬರೆದೆ, ಅವ್ವನಿಗೆ ತೋರಿಸಿ ತಿದ್ದಿಸಿದೆ. ಪುಸ್ತಕದ ನಡುವಿನ ಎರಡು ಪುಟ ಆ ನಕ್ಷೆಗೇ ಕೊಟ್ಟೆ.

ರೆಕಾರ್ಡಿಂಗ್ ಬಗ್ಗೆ ಕೆಲವು ಮಾತು ಹೇಳಿಬಿಡುತ್ತೇನೆ. ಫ್ಯಾನ್ ಬಂದ್ ಮಾಡಿ. ಮೊಬೈಲನ್ನು ಕಲ್ಲಿನ ಮೇಲೆ ಇಡಬೇಡಿ, ಮಡಚಿದ ಟವೆಲ್ಲಿನ ಮೇಲೆ ಇಡಿ. ಕರೆ ಬಾರದ ಹಾಗೆ ಏರೋಪ್ಲೇನ್ ಮೋಡಿಗೆ ಹಾಕಿ. ಶುರುವಿನಲ್ಲೇ ಇವತ್ತಿನ ತಾರೀಖು, ಯಾರು ಇದ್ದೀರಿ ಅಂತ ಬಾಯಲ್ಲಿ ಹೇಳಿ, ಆಮೇಲೆ ಅದೇ ಕೈ ಹಿಡಿಯುತ್ತದೆ. ಇಪ್ಪತ್ತೈದು ನಿಮಿಷದ ಮೇಲೆ ಹೋಗಬೇಡಿ, ವಯಸ್ಸಾದವರಿಗೆ ಗಂಟಲು ಒಣಗುತ್ತದೆ, ಆದರೂ ನಮ್ಮ ಸಲುವಾಗಿ ಮಾತಾಡುತ್ತಲೇ ಇರುತ್ತಾರೆ. ಮತ್ತು ಅದೇ ದಿನ ರಾತ್ರಿ ಫೈಲನ್ನು ಇನ್ನೆರಡು ಕಡೆ ಕಾಪಿ ಮಾಡಿ. ನಾನು ಮಾಡಿರಲಿಲ್ಲ. ಮೊಬೈಲ್ ರಿಪೇರಿಗೆ ಕೊಟ್ಟಾಗ ಎಲ್ಲ ಅಳಿಸಿ ವಾಪಸ್ ಕೊಟ್ಟರು, ಎರಡು ರೆಕಾರ್ಡಿಂಗ್ ಹೋದವು. ಒಂದರಲ್ಲಿ ಅವ್ವ ಬೀಸುವ ಪದ ಹೇಳಿದ್ದಳು, ಪೂರ್ತಿಯಾಗಿ. ಮತ್ತೆ ಕೇಳಿದಾಗ ಅರ್ಧವೇ ನೆನಪಾಯಿತು.

ಇನ್ನೊಂದು ಕಳೆದುಹೋದದ್ದು ನನ್ನ ಕೈಯಿಂದಲೇ. ಅವ್ವನಿಗೆ ಓದು ಬರಹ ಇರಲಿಲ್ಲ. ಹಾಲಿನ ಲೆಕ್ಕ, ಆಳಿನ ಲೆಕ್ಕ, ಯಾರ ಮನೆಗೆ ಎಷ್ಟು ಸೇರು ಜೋಳ ಕೊಟ್ಟದ್ದು, ಎಲ್ಲ ಅಡುಗೆಮನೆ ಬಾಗಿಲ ಹಿಂದೆ ಸುಣ್ಣದ ಗೀಟು ಎಳೆದು ಇಡುತ್ತಿದ್ದಳು. ಉದ್ದ ಗೀಟು ಬೇರೆ, ಅಡ್ಡ ಗೀಟು ಬೇರೆ, ಚುಕ್ಕಿ ಬೇರೆ. ಅಪ್ಪನ ಲೆಕ್ಕದ ಪುಸ್ತಕ ತಪ್ಪಿದರೂ ಆ ಬಾಗಿಲು ತಪ್ಪುತ್ತಿರಲಿಲ್ಲ. 2016ರಲ್ಲಿ ತಮ್ಮನ ಮಗಳ ಮದುವೆ ಅಂತ ಮನೆಗೆಲ್ಲ ಬಣ್ಣ ಹಚ್ಚಿಸಿದೆ. ಆ ಬಾಗಿಲಿಗೂ. ಒಂದು ಫೋಟೊ ತೆಗೆದುಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ದಯವಿಟ್ಟು ಮನೆಗೆ ಬಣ್ಣ ಹಚ್ಚಿಸುವ ಮುಂಚೆ, ಅಡುಗೆಮನೆ ಒಡೆಸುವ ಮುಂಚೆ, ಒಂದು ಸುತ್ತು ಫೋಟೊ ತೆಗೆದಿಡಿ. ಒಲೆ, ನೀರಿನ ಕಟ್ಟೆ, ಗೂಡು, ಮೊಳೆ. ಅವಳು ದಿನಾ ನಿಲ್ಲುತ್ತಿದ್ದ ಜಾಗ.

ಫೋಟೊ ಅಂದಾಗ ನೆನಪಾಯಿತು. ಅವ್ವನ ನಲವತ್ತು ವರ್ಷದ ಒಳಗಿನ ಫೋಟೊ ಇದ್ದದ್ದು ಒಂದೇ. ಸ್ಟುಡಿಯೋದಲ್ಲಿ ಅಪ್ಪನ ಪಕ್ಕ ನಿಂತದ್ದು. ಕಟ್ಟು ಹಾಕಿದ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಕೀಳಲು ಹೋಗಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಹೊರಗೆ ನೆರಳಿನಲ್ಲಿ ಇಟ್ಟು, ನಮ್ಮ ಹಿಂದೆ ಕಪ್ಪು ಬಟ್ಟೆ ಹಿಡಿಸಿಕೊಂಡು ನೇರವಾಗಿ ಮೇಲಿಂದ ಫೋಟೊ ತೆಗೆದರೆ ಹೊಳಪು ಬೀಳುವುದಿಲ್ಲ. ಬಿಡಿ ಫೋಟೊಗಳಾದರೆ ಸ್ಕ್ಯಾನರಿನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ. ಮತ್ತು ಮುಖವನ್ನು ನುಣ್ಣಗೆ, ಬೆಳ್ಳಗೆ ಮಾಡಿಸಬೇಡಿ. ನನ್ನ ಅಂಗಡಿಯಲ್ಲೇ ಎಷ್ಟೋ ಜನ ಕೇಳುತ್ತಾರೆ, ನಾನು ಕೈಮುಗಿದು ಬೇಡ ಅನ್ನುತ್ತೇನೆ. ಅವ್ವನ ಗಲ್ಲದ ಮೇಲಿನ ಹಚ್ಚೆ ಅಳಿಸಿದರೆ ಅದು ಯಾರ ಫೋಟೊ?

ಬರೆದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಕೊನೆಗೆ ನನ್ನ ಹತ್ತಿರ ಹದಿನಾಲ್ಕು ತಾಸಿನ ಮಾತು ಇತ್ತು. ಮೊಬೈಲಿಗೆ ಕೇಳಿಸಿ ತಾನೇ ಟೈಪ್ ಆಗುವ ಹಾಗೆ ಮಾಡಿ ನೋಡಿದೆ. ಅವ್ವ "ಹೊಳಿ ದಾಟಿದೆ" ಅಂದರೆ ಅದು ಹೋಳಿ ಹಬ್ಬ ಮಾಡಿತು. ಬಿಟ್ಟೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನಾ ಅಂಗಡಿ ಮುಚ್ಚಿದ ಮೇಲೆ ಒಂದೊಂದು ತಾಸು ಕೂತೆ. ಒಂದು ತಾಸಿನ ಮಾತು ಬರೆಯಲು ಆರು ತಾಸು ಹಿಡಿಯಿತು. ಅವಳು ಹೋದ ಮೇಲೆ ಮಾಡಿದ ಕೆಲಸ ಇದು, ಹಾಗಾಗಿ ಕೆಲವು ದಿನ ಒಂದು ಸಾಲೂ ಆಗುತ್ತಿರಲಿಲ್ಲ, ಸುಮ್ನೆ ಕೇಳುತ್ತ ಕೂತಿರುತ್ತಿದ್ದೆ.

ಭಾಷೆಯ ಬಗ್ಗೆ ಮನೆಯಲ್ಲಿ ಜಗಳ ಆಯಿತು. "ಐತಿ, ಬಂದಾನ, ಹೋಗ್ಯಾಳ ಅಂತ ಬರದ್ರ ಓದಿದವರು ಏನಂದಾರು? ಚೊಲೊ ಕನ್ನಡದಾಗ ಬರಿ" ಅಂತ ಅಕ್ಕ. ನಾನು ಎರಡು ಪುಟ ಅಕ್ಕ ಹೇಳಿದ ಹಾಗೇ ಬರೆದು ಅವಳಿಗೇ ಓದಿ ತೋರಿಸಿದೆ. "ನನ್ನ ತಾಯಿಯ ಮರಣಾನಂತರ ನಾನು ತುಂಬಾ ದುಃಖಿತಳಾದೆ" ಅನ್ನುವ ಸಾಲು ಬಂದಾಗ ಅಕ್ಕನೇ ತಡೆದಳು. ಅವ್ವ ಹೇಳಿದ್ದು "ನಮ್ಮವ್ವ ಹ್ವಾದ ಮ್ಯಾಲೆ ತವರಮನಿ ಹಾದಿ ಉದ್ದ ಆತು" ಅಂತ. ಅದನ್ನು ಹಾಗೇ ಬಿಟ್ಟೆವು. ನಾನು ಹೇಳುವ ಮಾತು ಪುಸ್ತಕದ ಕನ್ನಡದಲ್ಲಿ, ಅವ್ವನ ಮಾತು ಅವ್ವನ ಬಾಯಲ್ಲಿದ್ದ ಹಾಗೆ.

ಎಲ್ಲವನ್ನೂ ಬರೆಯಲಿಲ್ಲ. ಹೊಲದ ಪಾಲಿನ ಜಗಳ, ಒಬ್ಬರ ಮನೆಯಿಂದ ಆದ ಅವಮಾನ, ಇಂಥವು ಇದ್ದವು. ಅವ್ವ ಇದ್ದಾಗಲೇ ಕೇಳಿದ್ದೆ, ಇದನ್ನು ಬರೆಯಲಾ ಅಂತ. "ಅವರ ಮಕ್ಕಳು ಚೊಲೊ ಅದಾರ, ಬ್ಯಾಡ" ಅಂದಳು. ಅತ್ತೆ ಮುಗ್ಗಲು ಜೋಳ ಕೊಟ್ಟದ್ದನ್ನು ಮಾತ್ರ "ಬರಿ, ಆಕಿ ನನಗ ಕೊಟ್ಟಾಳ" ಅಂದಳು. ಈ ಕೇಳುವ ಕೆಲಸ ಮರೆಯಬೇಡಿ. ಹೋದ ಮೇಲೆ ಕೇಳಲು ಆಗುವುದಿಲ್ಲ.

ಅಚ್ಚಿನ ಲೆಕ್ಕ ಹೀಗೆ. ಡೆಮಿ 1/8 ಸೈಜು. 16 ಪುಟಕ್ಕೆ ಒಂದು ಫಾರಂ, ಹಾಗಾಗಿ ಪುಟಗಳು 32, 48, 64 ಹೀಗೆ ಇದ್ದರೆ ಕಾಗದ ಹಾಳಾಗುವುದಿಲ್ಲ. ನಮ್ಮದು ಮೂರು ಫಾರಂ, ಸೆಂಟರ್ ಪಿನ್. ಮೊದಲಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡಿದೆ, ಬೆಂಗಳೂರಲ್ಲಿರುವ ಮೊಮ್ಮಕ್ಕಳಿಗೆ ವಾಟ್ಸಾಪಿನಲ್ಲಿ ಕಳಿಸಿದರೆ ಅಕ್ಷರ ಒಡೆಯಬಾರದು ಅಂತ. ಅಕ್ಷರದ ಸೈಜು 14 ಇಟ್ಟೆ, ಓದುವವರಲ್ಲಿ ಅರ್ಧ ಜನ ಅವ್ವನ ವಾರಗೆಯವರು. ಗದಗಿನಲ್ಲಿ ಅಚ್ಚು ಹಾಕಿಸಿ 200 ಪ್ರತಿ ತಂದೆ. ಮುಖಪುಟಕ್ಕೆ ಫೋಟೊ ಹಾಕಲಿಲ್ಲ, ಕೌದಿಯ ಮೂಲೆಯನ್ನು ಹಾಕಿದೆ.

ಪುಣ್ಯಸ್ಮರಣೆಯ ದಿನ ಊಟ ಆದ ಮೇಲೆ ಪುಸ್ತಕ ಹಂಚಿದೆವು. ಓದಲು ಬಾರದವರು ನಡುವಿನ ಪುಟ ತೆಗೆದು ನಕ್ಷೆ ನೋಡುತ್ತಿದ್ದರು. ಮುಳುಗಿದ ಆ ಊರಿನವರೇ ಆದ ಒಬ್ಬ ಅಜ್ಜಿ, ಅವ್ವನಿಗಿಂತ ಎರಡು ವರ್ಷ ದೊಡ್ಡವರು, ಹುಲಿಗಿಯಿಂದ ಮೊಮ್ಮಗನ ಬೈಕಿನ ಮೇಲೆ ಬಂದಿದ್ದರು. ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು, "ತಮ್ಮಾ, ಬಾವಿ ಇಲ್ಲಿದ್ದಿದ್ದಿಲ್ಲ" ಅಂದರು. ಅವ್ವ ಎಡಕ್ಕೆ ಅಂದದ್ದು ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಅಷ್ಟೊತ್ತಿಗೆ ಅವಳು ತಿರುವಿನವರೆಗೆ ಮಾತಿನಲ್ಲೇ ನಡೆದುಹೋಗಿದ್ದಳು, ಅಲ್ಲಿ ನಿಂತು ನೋಡಿದರೆ ಎಡ ಬೇರೆ. ನಾನು ಅದನ್ನು ಗುಡಿಯ ಎಡಕ್ಕೆ ಬರೆದುಬಿಟ್ಟಿದ್ದೆ. ತಿದ್ದಲು ತೋರಿಸಿದಾಗ ಅವ್ವನೂ ಗಮನಿಸಿರಲಿಲ್ಲ, ಅವಳಿಗೆ ಹಾಳೆಯ ಮೇಲೆ ಊರು ನೋಡಿ ರೂಢಿಯೇ ಇರಲಿಲ್ಲ. "ಕುಂಬಾರಾಕಿ ಮನಿ ದಾಟಿದ ಮ್ಯಾಲೆ ಬಾವಿ. ನಾನೂ ನಿಮ್ಮವ್ವನೂ ಒಂದೇ ಹಗ್ಗದಾಗ ನೀರು ಸೇದೀವಿ" ಅಂದರು ಅಜ್ಜಿ.

ಮನೆಯಲ್ಲಿ 43 ಪ್ರತಿ ಉಳಿದಿದ್ದವು. ಆ ರಾತ್ರಿ ಪಾತ್ರೆಗಳೆಲ್ಲ ತೊಳೆದಾದ ಮೇಲೆ ನಾನೂ ಮಾವನೂ ಪಡಸಾಲೆಯಲ್ಲಿ ಕೂತು, ಒಂದೊಂದೇ ಪುಸ್ತಕ ತೆಗೆದು, ತಪ್ಪು ಜಾಗದ ಬಾವಿಗೆ ವೈಟ್ನರ್ ಹಚ್ಚಿ, ಆರಿದ ಮೇಲೆ ಕುಂಬಾರರ ಮನೆ ಆಚೆ ಪೆನ್ನಿನಿಂದ ಸಣ್ಣ ವೃತ್ತ ಬರೆದೆವು.